ಸಿಂಹಕ್ಕೆ ಒಂದೇ ಮನೆ, ಹುಲಿಗೆ ಹಲವು ದಾರಿ: ಗಿರ್ ಕಾಡಿನ ಕಥೆ ಕಾರವಾರ–ಅಂಕೋಲಾದವರಿಗೆ ಯಾಕೆ ಬೇಕು?

ಕಾರವಾರದ ಶಾಲಾ ಮಕ್ಕಳಿಗೆ ಸಿಂಹ ತೋರಿಸಬೇಕೆಂದರೆ ಪ್ರವಾಸದ ಬಸ್ಸು ಶಿವಮೊಗ್ಗ ಹತ್ತಿರದ ತ್ಯಾವರೆಕೊಪ್ಪಕ್ಕೋ, ಬೆಂಗಳೂರಿನ ಬನ್ನೇರುಘಟ್ಟಕ್ಕೋ ಹೋಗಬೇಕು. ಹುಲಿಯ ಕಾಡಿಗೆ ಅಷ್ಟು ದೂರ ಹೋಗೋದು ಬೇಡ. ಕದ್ರಾ ದಾಟಿ ಅಣಶಿ ಘಾಟಿ ಹತ್ತಿದರೆ ಸಾಕು. ಹುಲಿ ಕಣ್ಣಿಗೆ ಬೀಳುತ್ತೆ ಅಂತ ಹೇಳ್ತಿಲ್ಲ, ಬಹುತೇಕ ಬೀಳೋದಿಲ್ಲ. ಆದರೆ ಅದರ ಮನೆಯಂಗಳದಲ್ಲಿ ನೀವು ಹೋಗ್ತಿರ್ತೀರಿ ಅನ್ನೋದು ಮಾತ್ರ ನಿಜ.

ಹಾಗಿದ್ದೂ ನಮ್ಮ ಸುತ್ತಲಿನ ಅಧಿಕಾರದ ಗುರುತುಗಳಲ್ಲಿ ಹೆಚ್ಚಾಗಿ ಕಾಣೋದು ಸಿಂಹವೇ. ನೋಟಿನ ಮೇಲೆ, ಪಾಸ್‌ಪೋರ್ಟಿನ ಮೇಲೆ, ಸರ್ಕಾರಿ ಪತ್ರದ ತಲೆಯ ಮೇಲೆ ಅಶೋಕನ ಸಿಂಹಗಳು. ಇದೇ ಜಿಲ್ಲೆಯ ಬನವಾಸಿಯಿಂದ ಆಳಿದ ಕದಂಬರ ಲಾಂಛನವೂ ಸಿಂಹ. ಕಾರವಾರದ ನೌಕಾನೆಲೆಗೆ ಇಟ್ಟಿರುವುದು ಆ ಕದಂಬರ ಹೆಸರನ್ನೇ. ಆದರೆ ಉತ್ತರ ಕನ್ನಡದ ಕಾಡಲ್ಲಿ 'ಸಿಂಹ' ಅಂತ ಹೇಳಿಕೊಳ್ಳೋಕೆ ಇರೋದು ಒಂದು ಕೋತಿ ಮಾತ್ರ: ಅಘನಾಶಿನಿ ಕಣಿವೆಯ ಸಿಂಗಳೀಕ. ಬಾಲದ ತುದಿ ಸಿಂಹದ ಬಾಲದಂತೆ ಇರೋದರಿಂದ ಅದಕ್ಕೆ ಸಿಂಹ ಬಾಲದ ಕೋತಿ ಅಂತಲೂ ಹೆಸರು.

ಹುಲಿ ದೊಡ್ಡದಾ, ಸಿಂಹ ದೊಡ್ಡದಾ, ಜಗಳ ಬಿದ್ದರೆ ಯಾರು ಗೆಲ್ತಾರೆ ಅನ್ನೋ ವಿಡಿಯೋಗಳಿಗೆ ಯೂಟ್ಯೂಬಿನಲ್ಲಿ ಕೊರತೆ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಎರಡನ್ನೂ ಉಳಿಸೋಕೆ ಇದೇ ದೇಶ, ಇದೇ ಕಾನೂನಿನಡಿ ಅರ್ಧ ಶತಮಾನದಿಂದ ದುಡ್ಡು ಸುರಿದಿದೆ. ಇವತ್ತು ಎರಡರಲ್ಲಿ ಯಾವುದು ಹೆಚ್ಚು ಸುರಕ್ಷಿತ? ಯಾಕೆ? ಮತ್ತು ಅದಕ್ಕೆ ಬೆಲೆ ತೆತ್ತವರು ಯಾರು?

ಮೊದಲು, ಎರಡು ಪ್ರಾಣಿಗಳು

ಸಿಂಹ, ಹುಲಿ ಎರಡೂ ಒಂದೇ ಕುಲದ ಬೆಕ್ಕುಗಳು. ಚರ್ಮ ತೆಗೆದು ಅಸ್ಥಿಪಂಜರ ಮಾತ್ರ ಇಟ್ಟರೆ ಯಾವುದು ಯಾವುದು ಅಂತ ಹೇಳೋದು ತಜ್ಞರಿಗೂ ಸುಲಭವಲ್ಲ. ವ್ಯತ್ಯಾಸ ಇರೋದು ಅವು ಬದುಕುವ ರೀತಿಯಲ್ಲಿ.

- ಗಾತ್ರ: ಭಾರತದ ಗಂಡು ಹುಲಿ ಸಾಮಾನ್ಯವಾಗಿ 180ರಿಂದ 250 ಕೆ.ಜಿ. ತೂಗುತ್ತದೆ. ಗಿರ್‌ನ ಗಂಡು ಸಿಂಹ 160ರಿಂದ 190 ಕೆ.ಜಿ. ಇದು ಆಫ್ರಿಕಾದ ಸಿಂಹಕ್ಕಿಂತ ತುಸು ಚಿಕ್ಕದು. ಕೇಸರ ತೆಳು, ಹಾಗಾಗಿ ಕಿವಿ ಹೊರಗೆ ಕಾಣುತ್ತದೆ. ಹೊಟ್ಟೆಯಡಿ ಉದ್ದಕ್ಕೂ ಚರ್ಮದ ಮಡಿಕೆ ಇರುತ್ತದೆ.
- ಸಂಸಾರ: ಸಿಂಹ ಗುಂಪಿನ ಪ್ರಾಣಿ. ಹೆಣ್ಣುಗಳು ಅಕ್ಕತಂಗಿಯರಂತೆ ಒಟ್ಟಿಗಿದ್ದು ಮರಿ ಸಾಕುತ್ತವೆ. ಹುಲಿ ಒಂಟಿ. ಜೊತೆಗೂಡುವ ಸಮಯ, ತಾಯಿ–ಮರಿಗಳ ಸಹವಾಸ ಬಿಟ್ಟರೆ ಉಳಿದಂತೆ ತನ್ನ ಪಾಡಿಗೆ ತಾನು.
- ಜಾಗ: ಸಿಂಹಕ್ಕೆ ಬಯಲು, ಕುರುಚಲು ಕಾಡು, ಒಣ ತೇಗದ ಕಾಡು ಒಗ್ಗುತ್ತದೆ. ಹುಲಿಗೆ ಮರೆ ಬೇಕು, ನೀರು ಬೇಕು. ಸುಂದರಬನದ ಕೆಸರಿನಿಂದ ಹಿಮಾಲಯದ ತಪ್ಪಲಿನ ತನಕ, ನಮ್ಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲೂ ಅದು ಬದುಕುತ್ತದೆ.
- ಎಣಿಕೆ: ಪ್ರತಿ ಹುಲಿಯ ಪಟ್ಟೆಯೂ ಬೇರೆ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಕ್ಯಾಮೆರಾ ಟ್ರ್ಯಾಪ್ ಚಿತ್ರದಲ್ಲಿ ಪಟ್ಟೆ ಹೋಲಿಸಿ ಎಣಿಸುತ್ತಾರೆ. ಸಿಂಹಕ್ಕೆ ಪಟ್ಟೆ ಇಲ್ಲ. ಗಿರ್‌ನಲ್ಲಿ ಪ್ರದೇಶವನ್ನು ಭಾಗ ಮಾಡಿಕೊಂಡು ನೇರವಾಗಿ ನೋಡಿ ಎಣಿಸುತ್ತಾರೆ. ಮೀಸೆ ಬುಡದ ಚುಕ್ಕೆ, ಮೈಮೇಲಿನ ಗಾಯದ ಗುರುತು ನೆರವಾಗುತ್ತವೆ.

ನಮ್ಮ ಕರಾವಳಿಯ ಮಾತಿನಲ್ಲಿ 'ಹುಲಿ ಬಂತು' ಅಂದರೆ ಎಷ್ಟೋ ಸಲ ಬಂದಿರೋದು ಚಿರತೆ. ನಿಜವಾದ ಹುಲಿಯನ್ನು ಬೇರೆ ಮಾಡಿ ಹೇಳೋಕೆ 'ಪಟ್ಟೆ ಹುಲಿ' ಅಂತಾರೆ. ಈ ಬರಹದ ತುಂಬ ಇರೋದು ಆ ಪಟ್ಟೆ ಹುಲಿಯೇ.

ಎರಡು ಅಂಕಿ, ಎರಡು ಕಥೆ

1970ರ ದಶಕದ ಆರಂಭದ ತನಕ ಭಾರತದ ರಾಷ್ಟ್ರೀಯ ಪ್ರಾಣಿ ಸಿಂಹವೇ ಆಗಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದೇ ವರ್ಷದ ಗಣತಿಯಲ್ಲಿ ದೇಶದಲ್ಲಿ ಸಿಕ್ಕಿದ್ದು 1,827 ಹುಲಿ. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಶುರುವಾಯಿತು. ಮೊದಲ ಒಂಬತ್ತು ಮೀಸಲು ಅರಣ್ಯಗಳಲ್ಲಿ ನಮ್ಮ ಬಂಡೀಪುರವೂ ಒಂದು. ರಾಷ್ಟ್ರೀಯ ಪ್ರಾಣಿಯ ಪಟ್ಟ ಸಿಂಹದಿಂದ ಹುಲಿಗೆ ಬಂದದ್ದು ಈ ಹೊತ್ತಿನಲ್ಲೇ. ಹುಲಿ ಹಲವು ರಾಜ್ಯಗಳ ಪ್ರಾಣಿ, ಸಿಂಹ ಒಂದೇ ರಾಜ್ಯದ್ದು ಅನ್ನೋದನ್ನು ಮರೆಯಬೇಡಿ. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಇದೆ.

ಹುಲಿಯ ದಾರಿ ನೇರವಾಗಿರಲಿಲ್ಲ. 2004–05ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲ ಅನ್ನೋದು ಬಯಲಾಯಿತು. ಕಡತದಲ್ಲಿ ಹುಲಿ ಇತ್ತು, ಕಾಡಲ್ಲಿ ಇರಲಿಲ್ಲ. ಹೆಜ್ಜೆ ಗುರುತು ನೋಡಿ ಲೆಕ್ಕ ಬರೆಯುವ ಹಳೆಯ ಪದ್ಧತಿಯ ಮಾನ ಹೋಯಿತು. ಕ್ಯಾಮೆರಾ ಟ್ರ್ಯಾಪ್ ಹಾಗೂ ಸಂಖ್ಯಾಶಾಸ್ತ್ರ ಬಳಸಿ ಎಣಿಸುವ ವಿಧಾನವನ್ನು ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದಲ್ಲೇ ಮಾಡಿ ತೋರಿಸಿದ್ದರು. ದೇಶ ಆ ಕಡೆ ತಿರುಗೋಕೆ ಸರಿಸ್ಕಾ ಖಾಲಿಯಾಗಬೇಕಾಯಿತು. ಆಮೇಲೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಬಂತು, ಕಾಯ್ದೆಗೆ 2006ರಲ್ಲಿ ತಿದ್ದುಪಡಿಯಾಯಿತು.

2006ರಲ್ಲಿ ದೇಶದ ಅಂದಾಜು 1,411 ಹುಲಿ. 2014ರಲ್ಲಿ 2,226. 2018ರಲ್ಲಿ 2,967. 2022ರಲ್ಲಿ 3,682. ಕರ್ನಾಟಕದಲ್ಲಿ 2010ಕ್ಕೆ 300 ಇದ್ದದ್ದು 2022ಕ್ಕೆ 563; ಮಧ್ಯಪ್ರದೇಶದ 785 ಬಿಟ್ಟರೆ ನಾವೇ. ಜಗತ್ತಿನ ಕಾಡು ಹುಲಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಭಾರತದಲ್ಲಿವೆ.

ಸಿಂಹದ ಗ್ರಾಫು ಇನ್ನೂ ಚೆಂದ. ಒಂದು ಕಾಲಕ್ಕೆ ಪಶ್ಚಿಮ ಏಷ್ಯಾದಿಂದ ಉತ್ತರ, ಮಧ್ಯ ಭಾರತದವರೆಗೆ ಇದ್ದ ಪ್ರಾಣಿಯನ್ನು ಬಂದೂಕು ಒಂದೊಂದೇ ಊರಿಂದ ಅಳಿಸುತ್ತ ಬಂತು. 19ನೇ ಶತಮಾನ ಮುಗಿಯೋ ಹೊತ್ತಿಗೆ ಭಾರತದಲ್ಲಿ ಉಳಿದದ್ದು ಜುನಾಗಢ ಸಂಸ್ಥಾನದ ಗಿರ್ ಕಾಡಲ್ಲಿ ಬೆರಳೆಣಿಕೆಯಷ್ಟು. ಅಲ್ಲಿನ ನವಾಬರು ಬೇಟೆಗೆ ಕಡಿವಾಣ ಹಾಕಿದ್ದರಿಂದ ತಳಿ ಉಳಿಯಿತು. 2015ರಲ್ಲಿ 523, 2020ರಲ್ಲಿ 674, 2025ರಲ್ಲಿ 891. ಗುಜರಾತಿನ ಅರಣ್ಯ ಇಲಾಖೆ, ಗಿರ್‌ನ ಜನ ಇಬ್ಬರೂ ಹೆಮ್ಮೆ ಪಡಬೇಕಾದ ಕೆಲಸ. ಅದರಲ್ಲಿ ಎರಡು ಮಾತಿಲ್ಲ.

ಹಾಗಾದ್ರೆ ಸಮಸ್ಯೆ ಎಲ್ಲಿ?

ಊರಿನ ಬತ್ತವೆಲ್ಲ ಒಂದೇ ಕಣಜದಲ್ಲಿ

ಸಮಸ್ಯೆ ಇರೋದು ಆ 891 ಸಿಂಹಗಳೂ ಗುಜರಾತಿನ ಒಂದೇ ಮೂಲೆಯಲ್ಲಿ ಇರೋದರಲ್ಲಿ. ಅರ್ಧಕ್ಕಿಂತ ಹೆಚ್ಚು ಸಿಂಹಗಳು ಈಗ ಗಿರ್ ರಕ್ಷಿತಾರಣ್ಯದ ಹೊರಗೆ, ಸೌರಾಷ್ಟ್ರದ ಹೊಲ, ಗೋಮಾಳ, ಕರಾವಳಿಯಲ್ಲಿ ಓಡಾಡುತ್ತಿವೆ. ಹರಡಿಕೊಂಡಿವೆ ನಿಜ, ಆದರೆ ಒಂದಕ್ಕೊಂದು ಅಂಟಿಕೊಂಡೇ ಹರಡಿವೆ. ಒಂದಕ್ಕೆ ರೋಗ ಬಂದರೆ ಎಲ್ಲಕ್ಕೂ ಬರಬಹುದು.

ಇದು ಊಹೆಯ ಮಾತಲ್ಲ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ನಾಯಿಗಳಿಂದ ಹರಡುವ ಕೆನೈನ್ ಡಿಸ್ಟೆಂಪರ್ ವೈರಸ್ ಸುಮಾರು ಸಾವಿರ ಸಿಂಹಗಳನ್ನು, ಅಂದರೆ ಅಲ್ಲಿದ್ದ ಮೂರರಲ್ಲಿ ಒಂದು ಪಾಲನ್ನು ಬಲಿ ತಗೊಂಡಿತು. ಸೆರೆಂಗೆಟಿ ಚೇತರಿಸಿಕೊಂಡಿತು, ಯಾಕೆಂದರೆ ಆಫ್ರಿಕಾದಲ್ಲಿ ಸಿಂಹಕ್ಕೆ ಅದೊಂದೇ ಮನೆ ಆಗಿರಲಿಲ್ಲ. 2018ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಅದೇ ವೈರಸ್ ಗಿರ್‌ನ ದಲ್ಖಾನಿಯಾ ವಲಯದಲ್ಲಿ ಕಾಣಿಸಿತು. ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತವು. ವಿದೇಶದಿಂದ ಲಸಿಕೆ ತರಿಸಿ, ಸಿಂಹಗಳನ್ನು ಹಿಡಿದು ಪ್ರತ್ಯೇಕ ಇಟ್ಟು ಆ ಸಲ ಹೇಗೋ ನಿಲ್ಲಿಸಿದರು.

ಎರಡನೇ ಮನೆ ಮಾಡುವ ಯೋಚನೆ ಹೊಸದೇನಲ್ಲ. 1957ರಲ್ಲಿ ಉತ್ತರ ಪ್ರದೇಶದ ಚಂದ್ರಪ್ರಭಾ ಅಭಯಾರಣ್ಯಕ್ಕೆ ಮೂರು ಸಿಂಹ ಬಿಟ್ಟಿದ್ದರು. ಹನ್ನೊಂದಾದವು, 1960ರ ದಶಕದ ಮಧ್ಯಕ್ಕೆ ಒಂದೂ ಇರಲಿಲ್ಲ. ಆ ಸೋಲಿನಿಂದ ಕಲಿತು, ಸರಿಯಾಗಿ ಅಧ್ಯಯನ ಮಾಡಿ, ಮಧ್ಯಪ್ರದೇಶದ ಕುನೋವನ್ನು ಆರಿಸಿದರು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗಿರ್‌ನ ಕೆಲವು ಸಿಂಹಗಳನ್ನು ಆರು ತಿಂಗಳಲ್ಲಿ ಕುನೋಗೆ ಕಳಿಸಲು ಆದೇಶ ಕೊಟ್ಟಿತು. ಸಿಂಹ ನಮ್ಮ ಕುಟುಂಬದ ಸದಸ್ಯ ಅನ್ನೋ ಅರ್ಥದ ಗುಜರಾತಿನ ವಾದವನ್ನು ಒಪ್ಪದೆ, ನೋಡಬೇಕಾದ್ದು ಆ ಜೀವಸಂಕುಲದ ಹಿತವನ್ನು ಎಂದಿತು.

ಆರು ತಿಂಗಳು ಹೋಯಿತು, ವರ್ಷಗಳು ಉರುಳಿದವು. ಒಂದು ಸಿಂಹವೂ ಗುಜರಾತ್ ಗಡಿ ದಾಟಿಲ್ಲ. ಬದಲಿಗೆ 2022ರ ಸೆಪ್ಟೆಂಬರ್ 17ರಂದು ಅದೇ ಕುನೋಗೆ ನಮೀಬಿಯಾದಿಂದ ಚೀತಾಗಳು ವಿಮಾನದಲ್ಲಿ ಬಂದಿಳಿದವು. ಇನ್ನೊಂದು ಖಂಡದಿಂದ ಚೀತಾ ತರೋಕೆ ಆಗುತ್ತೆ, ಪಕ್ಕದ ರಾಜ್ಯದಿಂದ ಸಿಂಹ ತರೋಕೆ ಆಗೋದಿಲ್ಲ! ಗುಜರಾತ್ ಈಗ ತನ್ನದೇ ಗಡಿಯೊಳಗಿನ ಬರಡಾ ಅಭಯಾರಣ್ಯವನ್ನು ಸಿಂಹದ ಎರಡನೇ ಮನೆ ಅನ್ನುತ್ತಿದೆ. ಅದು ಗಿರ್‌ನಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಇದೆ.

1976ರ 42ನೇ ತಿದ್ದುಪಡಿಯ ನಂತರ ವನ್ಯಜೀವಿ ಸಂರಕ್ಷಣೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರ, ರಾಜ್ಯ ಎರಡಕ್ಕೂ ಹೊಣೆ ಇದೆ. ಆದರೆ ಒಂದು ಪ್ರಾಣಿ ರಾಜ್ಯದ ಅಸ್ಮಿತೆಯಾಗಿ, ಪ್ರವಾಸೋದ್ಯಮದ ಬಂಡವಾಳವಾಗಿ ಬಿಟ್ಟರೆ ಕೋರ್ಟಿನ ಆದೇಶಕ್ಕೂ ಅದನ್ನು ಅಲ್ಲಾಡಿಸೋದು ಕಷ್ಟ.

ಬಾರದ ಸಿಂಹಕ್ಕಾಗಿ ಊರು ಬಿಟ್ಟವರು

ಈ ಕಥೆಯಲ್ಲಿ ಹೆಚ್ಚಾಗಿ ಹೇಳದೇ ಬಿಡುವ ಒಂದು ಭಾಗ ಇದೆ. ಸಿಂಹ ಬರುತ್ತೆ ಅಂತ ಕುನೋ ಕಾಡಿನ 24 ಹಳ್ಳಿಗಳನ್ನು ಖಾಲಿ ಮಾಡಿಸಲಾಯಿತು. ಸಾವಿರದ ಐನೂರರಷ್ಟು ಕುಟುಂಬ, ಬಹುಪಾಲು ಸಹರಿಯಾ ಆದಿವಾಸಿಗಳು. ಅವರು ಹೊರಬಂದರು, ಸಿಂಹ ಬರಲಿಲ್ಲ. ಗಿರ್‌ನಲ್ಲೂ 1970ರ ದಶಕದಲ್ಲಿ ಎಮ್ಮೆ ಸಾಕುವ ಮಾಲ್ಧಾರಿಗಳ ನೂರಾರು ಕುಟುಂಬಗಳನ್ನು ಕಾಡಿನಿಂದ ಹೊರಗೆ ಕೂರಿಸಲಾಯಿತು. ಒಳಗೆ ಉಳಿದ ಮಾಲ್ಧಾರಿಗಳ ಎಮ್ಮೆ ಇವತ್ತಿಗೂ ಸಿಂಹದ ಊಟದ ಒಂದು ಪಾಲು.

ಎಮ್ಮೆ ಸಾಕುವ ಮಾಲ್ಧಾರಿ ಅಂದ ಕೂಡಲೇ ನಮ್ಮ ಹಳಿಯಾಳ, ಯಲ್ಲಾಪುರ, ಜೋಯಿಡಾದ ಗೌಳಿಗರು ನೆನಪಾಗಬೇಕು. ಅದೇ ಎಮ್ಮೆ, ಅದೇ ಕಾಡಂಚಿನ ಬದುಕು, ದೊಡ್ಡ ಬೆಕ್ಕಿನ ಜೊತೆ ಅದೇ ಲೇವಾದೇವಿ. ಗಿರ್ ನಮಗೆ ದೂರದ ಊರಲ್ಲ ಅನ್ನೋದು ಇದಕ್ಕೇ.

ಕಾಳಿ: ಹುಲಿ ಕಡಿಮೆ, ಕೆಲಸ ದೊಡ್ಡದು

ಜೋಯಿಡಾದ ಡಿಗ್ಗಿಯ ಬಳಿ ಹುಟ್ಟಿ, 184 ಕಿಲೋಮೀಟರ್ ಹರಿದು, ಸದಾಶಿವಗಡದ ಪಕ್ಕ ಕಡಲು ಸೇರುವ ಕಾಳಿ ನದಿಯ ಹೆಸರಲ್ಲೇ ನಮ್ಮ ಹುಲಿ ಸಂರಕ್ಷಿತ ಪ್ರದೇಶ ಇದೆ. ದಾಂಡೇಲಿ ವನ್ಯಜೀವಿಧಾಮ 1956ರದ್ದು. ಅಣಶಿ ರಾಷ್ಟ್ರೀಯ ಉದ್ಯಾನ 1987ರದ್ದು. ಎರಡನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. 2015ರ ಡಿಸೆಂಬರಿನಲ್ಲಿ ಕಾಳಿಯ ಹೆಸರಿಟ್ಟರು. ಅಣಶಿಯ ಸುಮಾರು 340, ದಾಂಡೇಲಿಯ 475 ಚದರ ಕಿಲೋಮೀಟರ್ ಸೇರಿ ಕೋರ್ ಪ್ರದೇಶವೇ 800 ಚದರ ಕಿಲೋಮೀಟರ್ ದಾಟುತ್ತದೆ.

ಬಂಡೀಪುರ, ನಾಗರಹೊಳೆಗಳ ಹಾಗೆ ಇಲ್ಲಿ ಹುಲಿ ದಟ್ಟವಾಗಿಲ್ಲ. ಅಲ್ಲಿನ ಒಣ ಎಲೆಯುದುರುವ ಕಾಡಲ್ಲಿ ಹುಲ್ಲು ಹೆಚ್ಚು, ಹುಲ್ಲು ತಿನ್ನುವ ಚುಕ್ಕಿ ಜಿಂಕೆ ಹೆಚ್ಚು, ಹಾಗಾಗಿ ಹುಲಿಯೂ ಹೆಚ್ಚು. ಅಣಶಿಯ ನಿತ್ಯಹರಿದ್ವರ್ಣ ಕಾಡು ನೋಡೋಕೆ ದಟ್ಟ, ಆದರೆ ನೆಲದ ಮಟ್ಟದಲ್ಲಿ ಮೇವು ಕಡಿಮೆ. ಕಾಡುಕೋಣ, ಕಡವೆ, ಕಾಡುಹಂದಿ ಇವೆ, ಚದುರಿಕೊಂಡಿವೆ. ಒಂದು ಹುಲಿಗೆ ಹೊಟ್ಟೆ ತುಂಬೋಕೆ ದೊಡ್ಡ ಹರವು ಬೇಕು. ಬ್ರಿಟಿಷರ ಕಾಲದಲ್ಲಿ ಹುಲಿ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು ಅನ್ನೋದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಬರೀ ತಲೆ ಎಣಿಸಿದರೆ ಕಾಳಿ ಚಿಕ್ಕದಾಗಿ ಕಾಣುತ್ತದೆ. ನಕ್ಷೆ ಬಿಚ್ಚಿ ನೋಡಿ. ಉತ್ತರಕ್ಕೆ ಬೆಳಗಾವಿಯ ಭೀಮಗಡ, ಅದರಾಚೆ ಮಹಾರಾಷ್ಟ್ರದ ರಾಧಾನಗರಿ, ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶ. ಪಶ್ಚಿಮಕ್ಕೆ ಗೋವಾದ ಕೋಟಿಗಾಂವ್, ನೇತ್ರಾವಳಿ, ಮಹದಾಯಿ. ದಕ್ಷಿಣಕ್ಕೆ ಬೇಡ್ತಿ, ಅಘನಾಶಿನಿ, ಶರಾವತಿ ಕಣಿವೆಗಳನ್ನು ಹಿಡಿದು ಕುದುರೆಮುಖ, ಭದ್ರಾದ ಕಡೆ. ಕಾಳಿ ಈ ಸರಪಳಿಯ ನಡುವಿನ ಕೊಂಡಿ. ಇಲ್ಲಿಯ ಕ್ಯಾಮೆರಾದಲ್ಲಿ ಕಂಡ ಪಟ್ಟೆಯೇ ಗೋವಾದ ಕ್ಯಾಮೆರಾದಲ್ಲೂ ಕಂಡದ್ದಿದೆ. ಹುಲಿಗೆ ಆಧಾರ್ ಕಾರ್ಡಿಲ್ಲ, ಗಡಿ ತನಿಖಾ ಠಾಣೆ ಗೊತ್ತಿಲ್ಲ. ಎರಡು ವರ್ಷ ತುಂಬಿದ ಗಂಡು ಮರಿ ತಾಯಿಯ ಜಾಗ ಬಿಟ್ಟು ಹೊಸ ಜಾಗ ಹುಡುಕಿ ಹೊರಟಾಗ ಅದಕ್ಕೆ ಬೇಕಾಗೋದು ಕಾಡಿನ ದಾರಿ.

ಆ ದಾರಿ ಮುಚ್ಚಿದರೆ ಏನಾಗುತ್ತೆ ಅನ್ನೋದಕ್ಕೆ ಒಡಿಶಾದ ಸಿಮ್ಲಿಪಾಲ್ ಉದಾಹರಣೆ. ಅಲ್ಲಿ ಪಟ್ಟೆಗಳು ಅಗಲವಾಗಿ ಹರಡಿ ಕಪ್ಪಗೆ ಕಾಣುವ ಹುಲಿಗಳಿವೆ. ಪ್ರವಾಸಿಗಳಿಗೆ ಅದು ವಿಸ್ಮಯ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಬೇರೆ: ಬೇರೆ ಕಾಡುಗಳ ಸಂಪರ್ಕ ಕಳೆದುಕೊಂಡ ಚಿಕ್ಕ ಗುಂಪಿನಲ್ಲಿ, ಬೇರೆಡೆ ತೀರಾ ಅಪರೂಪವಾದ ಒಂದು ವಂಶವಾಹಿ ಬದಲಾವಣೆ ಸಾಮಾನ್ಯವಾಗಿಬಿಟ್ಟಿದೆ. ಆ ಕಪ್ಪು ಬಣ್ಣ ಒಂಟಿತನದ ಗುರುತು.

ಹುಲಿ ಸಿಂಹಕ್ಕಿಂತ ಸುರಕ್ಷಿತ ಅಂತ ನಾವು ಹೇಳೋದಾದರೆ ಕಾರಣ 3,682 ಅನ್ನೋ ಅಂಕಿಯಷ್ಟೇ ಅಲ್ಲ. ಅದು ಹಲವು ಕಾಡುಗಳಲ್ಲಿದೆ, ಆ ಕಾಡುಗಳಲ್ಲಿ ಕೆಲವು ಇನ್ನೂ ಒಂದಕ್ಕೊಂದು ಹೊಂದಿಕೊಂಡಿವೆ. ಸರಿಸ್ಕಾ ಖಾಲಿಯಾದಾಗ ರಣಥಂಬೋರ್‌ನಿಂದ ಹುಲಿ ತರೋಕೆ ಆಯಿತು. ಆಮೇಲೆ ಖಾಲಿಯಾದ ಪನ್ನಾ 2009ರಿಂದ ಹೊರಗಿನ ಹುಲಿಗಳನ್ನು ತಂದು ಮತ್ತೆ ತುಂಬಿಕೊಂಡಿತು. ಗಿರ್ ಖಾಲಿಯಾದರೆ ಸಿಂಹ ತರೋಕೆ ಬೇರೆ ಕಾಡಿಲ್ಲ.

ಹಳಿ, ಬಂದರು ಮತ್ತು ಕೊಂಡಿ

ಈ ಕೊಂಡಿಯ ಮೇಲೆ ಏನೇನು ಬಿದ್ದಿದೆ ನೋಡಿ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಕಣಿವೆಯ ತಳವನ್ನೇ ಮುಳುಗಿಸಿದವು. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ಘಟಕಗಳಿವೆ, ಇನ್ನೆರಡು ದೊಡ್ಡ ಘಟಕಗಳ ಯೋಜನೆ ಇದೆ. 1989ರಲ್ಲಿ ಕೈಗಾ ವಿರೋಧಿಸಿ ಇದೇ ಲೋಕಸಭಾ ಕ್ಷೇತ್ರದಿಂದ ಚುನಾವಣೆಗೆ ನಿಂತಿದ್ದವರು ಶಿವರಾಮ ಕಾರಂತರು. ಗೆಲ್ಲಲಿಲ್ಲ. ನಾಗರಹೊಳೆಯಲ್ಲಿ ಹುಲಿ ಎಣಿಸೋದನ್ನು ಕಲಿಸಿದ ಉಲ್ಲಾಸ ಕಾರಂತರು ಅವರ ಮಗ.

ಈಗ ಎದುರಿಗಿರೋದು ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ. ಯಲ್ಲಾಪುರದ ಮೂಲಕ ಘಟ್ಟ ಇಳಿಯುವ ಈ ಮಾರ್ಗಕ್ಕೆ ಸುಮಾರು 595 ಹೆಕ್ಟೇರ್ ಅರಣ್ಯ, ಎರಡು ಲಕ್ಷಕ್ಕೂ ಹೆಚ್ಚು ಮರ ಹೋಗಬೇಕು ಅನ್ನೋದು ಹಿಂದಿನ ಪ್ರಸ್ತಾವದ ಲೆಕ್ಕ. 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು. ಅದೇ ಜೂನ್‌ನಲ್ಲಿ ಹೈಕೋರ್ಟ್ ತಡೆ ನೀಡಿತು. ಯೋಜನೆ ಸತ್ತಿಲ್ಲ, ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಮೇಲೇಳುತ್ತದೆ.

ರೈಲು ಬೇಡ ಅನ್ನೋದು ಸುಲಭದ ಮಾತಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ ರಾತ್ರೋರಾತ್ರಿ ಘಟ್ಟ ಹತ್ತಬೇಕಾದ ಅಂಕೋಲಾ, ಕಾರವಾರದ ಜನರಿಗೆ ರೈಲಿನ ಆಸೆ ಇರೋದು ಸಹಜ. ಅದನ್ನು ಗೇಲಿ ಮಾಡಬಾರದು. ಆದರೆ ಈ ಹಳಿಯ ಮೂಲ ಲೆಕ್ಕಾಚಾರದಲ್ಲಿ ಜನರಿಗಿಂತ ಮುಂದೆ ಕೂತಿದ್ದು ಹೊಸಪೇಟೆ–ಬಳ್ಳಾರಿಯ ಅದಿರು. ಆ ಅದಿರಿನ ದಾಹ ಎಂಥದು ಅನ್ನೋದನ್ನು 2010ರಲ್ಲಿ ಬೇಲೇಕೇರಿ ಬಂದರಿನ ಹಗರಣ ಇಡೀ ರಾಜ್ಯಕ್ಕೆ ತೋರಿಸಿದೆ. ಈಗ ಅಂಕೋಲಾದ ಕೇಣಿಯಲ್ಲಿ ಖಾಸಗಿ ಬಂದರಿನ ಯೋಜನೆ ಬಂದಿದೆ, ಮೀನುಗಾರರು ಬೀದಿಗಿಳಿದಿದ್ದಾರೆ. ಬಂದರು ಬಂದರೆ ಹಳಿ ಬೇಕು, ಹಳಿ ಬಂದರೆ ಬಂದರು ಬೇಕು: ಒಂದಕ್ಕೊಂದು ಸಾಕ್ಷಿ ಹೇಳುತ್ತವೆ.

ಇಲ್ಲೂ ಸಿಂಹ ನಮಗೆ ಪಾಠ ಹೇಳಬಲ್ಲದು. ಗುಜರಾತಿನ ಅಮ್ರೇಲಿ ಜಿಲ್ಲೆಯಲ್ಲಿ ಪಿಪಾವಾವ್ ಬಂದರಿಗೆ ಹೋಗುವ ಸರಕು ರೈಲಿನ ಹಳಿಯ ಮೇಲೆ ಸಿಂಹಗಳು ಸಾಯುತ್ತ ಬಂದಿವೆ. ಗುಜರಾತ್ ಹೈಕೋರ್ಟ್ ಮಧ್ಯ ಬಂದು ರೈಲ್ವೆ, ಅರಣ್ಯ ಇಲಾಖೆಗಳನ್ನು ತರಾಟೆಗೆ ತಗೊಂಡ ಮೇಲೆ ವೇಗ ಮಿತಿಯಂಥ ಕ್ರಮಗಳು ಬಿಗಿಯಾದವು. ಬಂದರು, ಸರಕು ರೈಲು, ದೊಡ್ಡ ಬೆಕ್ಕು: ಅಂಕೋಲಾದ ಚಿತ್ರವೂ ಇದೇ ಆಗಬಹುದು. ಒಂದು ವ್ಯತ್ಯಾಸ ಇದೆ. ಅಲ್ಲಿ ನೆಲ ಬಯಲು. ಇಲ್ಲಿ ಗುಡ್ಡ ಕಡಿಯಬೇಕು. ಹೆದ್ದಾರಿಗೆ ಗುಡ್ಡ ಕಡಿದ ಜಾಗದಲ್ಲಿ 2024ರ ಜುಲೈ 16ರಂದು ಶಿರೂರಿನಲ್ಲಿ ಏನಾಯಿತು ಅನ್ನೋದನ್ನು ಅಂಕೋಲಾದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗಡಿಯಾಚೆಯ ರಾಜಕೀಯವೂ ಸೇರಿಕೊಂಡಿದೆ. 2020ರ ಜನವರಿಯಲ್ಲಿ ಗೋವಾದ ಸತ್ತರಿ ತಾಲೂಕಿನ ಗೊಳಾವಲಿಯಲ್ಲಿ ತಾಯಿ, ಮೂರು ಮರಿ ಸೇರಿ ನಾಲ್ಕು ಹುಲಿ ವಿಷಕ್ಕೆ ಬಲಿಯಾದವು. 2023ರ ಜುಲೈ 24ರಂದು ಬಾಂಬೆ ಹೈಕೋರ್ಟಿನ ಗೋವಾ ಪೀಠ, ಮಹದಾಯಿ ಹುಲಿ ಸಂರಕ್ಷಿತ ಪ್ರದೇಶವನ್ನು ಮೂರು ತಿಂಗಳಲ್ಲಿ ಘೋಷಿಸಿ ಅಂತ ಆದೇಶಿಸಿತು. ಗೋವಾ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಕಳಸಾ–ಬಂಡೂರಿ ನೀರು ತಡೆಯೋಕೆ ಗೋವಾಕ್ಕೆ ಹುಲಿ ಬೇಕು, ಕಾಡು ಘೋಷಿಸೋಕೆ ಬೇಡ. ನಾವೇನು ಕಡಿಮೆ? ಹುಲಿಯಲ್ಲಿ ದೇಶಕ್ಕೆ ಎರಡನೆಯವರು ಅಂತ ಬೀಗುವ ನಾವು ಅದೇ ಹುಲಿಯ ದಾರಿಗೆ ಅಡ್ಡ ಹಳಿ ಹಾಕೋಕೆ ಮಂಡಳಿಯಲ್ಲಿ ಕೈ ಎತ್ತಿದ್ದೇವೆ. ಗುಜರಾತಿನ ಸಿಂಹಾಭಿಮಾನವನ್ನು ನೋಡಿ ನಗುವ ಹಕ್ಕು ನಮಗೆ ಪೂರ್ತಿ ಇಲ್ಲ.

ಕಾಡಲ್ಲಿದ್ದವರ ಲೆಕ್ಕ

ಹುಲಿಗೆ ಜಾಗ ಬಿಡಿ ಅನ್ನೋ ಮಾತು ಮೊದಲು ಹೋಗಿ ತಟ್ಟೋದು ಯಾರ ಬಾಗಿಲನ್ನ? ಕೋರ್ ಪ್ರದೇಶದ ಜೋಯಿಡಾದ ಕುಣಬಿಗಳದ್ದು. 2024ರ ಜೂನ್‌ನಲ್ಲಿ ಹುಲಿ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆದು, ದೇಶದ ಹುಲಿ ಕೋರ್ ಪ್ರದೇಶಗಳ 591 ಹಳ್ಳಿಗಳ 64,801 ಕುಟುಂಬಗಳ ಸ್ಥಳಾಂತರವನ್ನು ಚುರುಕುಗೊಳಿಸಿ ಅಂದಿತು. ಒಂದು ಕುಟುಂಬಕ್ಕೆ 10 ಲಕ್ಷ ರೂಪಾಯಿ ಇದ್ದ ಪ್ಯಾಕೇಜು 2021ರಲ್ಲಿ 15 ಲಕ್ಷ ಆಯಿತು.

ಕೆಲವರಿಗೆ ಹೊರಗೆ ಬರೋದು ನಿಜಕ್ಕೂ ಬೇಕು. ಮಳೆಗಾಲದಲ್ಲಿ ರಸ್ತೆ ಕಡಿದು ಹೋಗುವ ಊರಲ್ಲಿ ಶಾಲೆ ಇಲ್ಲ, ದವಾಖಾನೆ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಅಂಥವರು ಸ್ವಂತ ಇಚ್ಛೆಯಿಂದ ಬಂದರೆ ದುಡ್ಡು, ನೆಲ, ಮನೆ ಸರಿಯಾಗಿ ಸಿಗಬೇಕು. ಆದರೆ ಸೌಲಭ್ಯ ಕೊಡದೇ ಕಾಯಿಸಿ, ಆಮೇಲೆ 'ಸ್ವಯಂಪ್ರೇರಿತ' ಅಂತ ಬರೆಸಿಕೊಳ್ಳೋದು ಬೇರೆಯೇ ವಿಷಯ. ಕಾನೂನು ಇಲ್ಲಿ ಸ್ಪಷ್ಟವಾಗಿದೆ. 2006ರ ಅರಣ್ಯ ಹಕ್ಕು ಕಾಯ್ದೆ, ಅದೇ ವರ್ಷ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ಎರಡೂ ಹೇಳೋದು ಒಂದೇ: ಮೊದಲು ಹಕ್ಕು ಇತ್ಯರ್ಥ ಆಗಬೇಕು, ಗ್ರಾಮಸಭೆಯ ಒಪ್ಪಿಗೆ ಬೇಕು, ಆಮೇಲಷ್ಟೇ ಸ್ಥಳಾಂತರ.

ಈ ಜಿಲ್ಲೆಗೆ ಎತ್ತಂಗಡಿಯ ನೆನಪು ಹೊಸದಲ್ಲ. ಸೂಪಾ ಹಳೆಯ ಊರು ನೀರಲ್ಲಿದೆ. ಸೀಬರ್ಡ್ ನೌಕಾನೆಲೆಗೆ ಕಾರವಾರ–ಅಂಕೋಲಾ ಕರಾವಳಿಯ 13 ಹಳ್ಳಿ ಹೋದವು, ಪರಿಹಾರದ ವ್ಯಾಜ್ಯ ದಶಕಗಟ್ಟಲೆ ಎಳೆಯಿತು. ದೇಶದ ಹೆಸರಲ್ಲಿ, ಕರೆಂಟಿನ ಹೆಸರಲ್ಲಿ, ಈಗ ಹುಲಿಯ ಹೆಸರಲ್ಲಿ ಏಳಬೇಕಾದವರು ಅದೇ ಜನ ಆದರೆ, ಹುಲಿ ಅವರ ಕಣ್ಣಿಗೆ ಸರ್ಕಾರದ ಪ್ರಾಣಿಯಾಗಿ ಕಾಣಿಸುತ್ತದೆ.

ಹಾಗೆ ಕಂಡ ದಿನ ಏನಾಗುತ್ತೆ ಅನ್ನೋದನ್ನು ಗೊಳಾವಲಿಯಲ್ಲಿ ನೋಡಿದೆವು. 2025ರ ಜೂನ್‌ನಲ್ಲಿ ನಮ್ಮದೇ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲೂ ನೋಡಿದೆವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ, ತಾಯಿ ಮತ್ತು ನಾಲ್ಕು ಮರಿಗಳ ಸಾವು. ಒಂದೇ ದಿನ ಐದು ಹುಲಿ. ತಪ್ಪಿಗೆ ಶಿಕ್ಷೆ ಆಗಲಿ. ಆದರೆ ಹಸು ಕಳೆದುಕೊಂಡವನಿಗೆ ಪರಿಹಾರ ವಾರದೊಳಗೆ ಕೈಸೇರುತ್ತೆ ಅನ್ನೋ ನಂಬಿಕೆ ಇದ್ದಲ್ಲಿ ವಿಷದ ಬಾಟಲಿ ಹುಡುಕುವ ಕೈ ಕಡಿಮೆಯಾಗುತ್ತೆ ಅನ್ನೋದೂ ಅಷ್ಟೇ ನಿಜ.

ಘಟ್ಟದ ಮೇಲಿನ ಊರುಗಳಲ್ಲಿ ದೀಪಾವಳಿಯ ಗೋಪೂಜೆಯ ಹೊತ್ತಿಗೆ ಹುಲಿದೇವರಿಗೂ ಕಾಯಿ ಒಡೆಯುವ ರೂಢಿ ಇದೆ. ಗಡಿಯಾಚೆ ಗೋವಾದ ಕಾಡೂರುಗಳಲ್ಲಿ ಅದೇ ದೇವರು ವಾಘ್ರೋ. ದನ ಮೇಯಿಸುವವರು ದನದ ಹಬ್ಬದಂದೇ ಹುಲಿಗೂ ಪಾಲು ಇಡುತ್ತಿದ್ದರು. ಭಯವೂ ಇತ್ತು, ಒಂದು ಒಪ್ಪಂದವೂ ಇತ್ತು. ಅದನ್ನು ರಮ್ಯವಾಗಿ ಹಾಡಿ ಹೊಗಳಬೇಕಾಗಿಲ್ಲ. ಆ ಕಾಲದಲ್ಲೂ ದನ ಸಾಯುತ್ತಿದ್ದವು, ಹುಲಿಯೂ ಸಾಯುತ್ತಿತ್ತು. ಆದರೆ ಆ ಒಪ್ಪಂದದಲ್ಲಿ ಕಾಡಿನವರು ಒಂದು ಪಕ್ಷವಾಗಿದ್ದರು. ಇವತ್ತಿನ ಒಪ್ಪಂದ ದೆಹಲಿ, ಬೆಂಗಳೂರಿನ ಕೋಣೆಯಲ್ಲಿ ಆಗುತ್ತದೆ. ಸಹಿ ಹಾಕೋಕೆ ಮಾತ್ರ ಅವರನ್ನು ಕರೆಯುತ್ತಾರೆ.

ಹಾಗಾದ್ರೆ ಏನು ಕೇಳಬೇಕು?

ಪ್ರತಿ ಜುಲೈ 29ಕ್ಕೆ ಹುಲಿ ದಿನ ಬರುತ್ತದೆ, ನಾಲ್ಕು ವರ್ಷಕ್ಕೊಮ್ಮೆ ಹೊಸ ಅಂಕಿ ಬರುತ್ತದೆ, ಸ್ಟೇಟಸ್ ತುಂಬಾ ಹುಲಿ ಫೋಟೋ. ಅಂಕಿ ಏರಿದರೆ ಖುಷಿ ಪಡೋಣ. ಆದರೆ ಗಿರ್ ಕಲಿಸಿದ ಪಾಠ ಇಷ್ಟು: ಅಂಕಿ ಏರುತ್ತಿರುವಾಗಲೇ ಪ್ರಾಣಿ ಅಪಾಯದಲ್ಲಿರಬಹುದು. ಮತ ಕೇಳೋಕೆ ಬರುವವರಿಗೆ ಕೇಳಬೇಕಾದ ಪ್ರಶ್ನೆಗಳು ಇವು:

- ಕಾಳಿಯಿಂದ ಗೋವಾಕ್ಕೆ, ಭೀಮಗಡಕ್ಕೆ, ಬೇಡ್ತಿ–ಅಘನಾಶಿನಿ ಕಡೆಗೆ ಹೋಗುವ ಕಾಡಿನ ದಾರಿಗಳನ್ನು ಕಾನೂನಿನಲ್ಲಿ ಗುರುತಿಸಿ ಕಾಯುತ್ತೀರಾ, ಅಥವಾ ಒಂದೊಂದೇ ಯೋಜನೆಗೆ ತುಂಡು ತುಂಡಾಗಿ ಬಿಟ್ಟುಕೊಡುತ್ತೀರಾ?
- ಹಳಿ, ಬಂದರು, ಹೆದ್ದಾರಿ, ಅಣು ಘಟಕ ಇವೆಲ್ಲದರ ಪರಿಣಾಮವನ್ನು ಬೇರೆ ಬೇರೆ ಕಡತದಲ್ಲಿ ನೋಡದೇ ಒಟ್ಟಿಗೆ ಲೆಕ್ಕ ಹಾಕುವವರು ಯಾರು?
- ಸ್ಥಳಾಂತರಕ್ಕೆ ಮೊದಲು ಅರಣ್ಯ ಹಕ್ಕಿನ ಅರ್ಜಿಗಳು ಇತ್ಯರ್ಥ ಆಗಿವೆಯಾ? ಗ್ರಾಮಸಭೆ ನಿಜಕ್ಕೂ ಸೇರಿತ್ತಾ?
- ಕಾಡಲ್ಲೇ ಉಳಿಯುತ್ತೇವೆ ಅನ್ನುವವರಿಗೆ ಶಾಲೆ, ಆಸ್ಪತ್ರೆ, ದನದ ಪರಿಹಾರ ಸಿಗುತ್ತಿದೆಯಾ?

1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡು ಕೊಡಲಿ ತಡೆದ ಜಿಲ್ಲೆ ಇದು. ಆ ಅಪ್ಪಿಕೋ ಹೋರಾಟದಲ್ಲಿ ಕಾಡನ್ನೂ ಊರನ್ನೂ ಎದುರುಬದುರು ನಿಲ್ಲಿಸಿರಲಿಲ್ಲ. ಊರೇ ಕಾಡಿನ ಪರ ನಿಂತಿತ್ತು.

ಸಿಂಹಕ್ಕೆ ಎರಡನೇ ಮನೆ ಕಟ್ಟೋದು ಎಷ್ಟು ಕಷ್ಟ ಅಂತ 2013ರ ಆದೇಶದ ನಂತರದ ವರ್ಷಗಳು ತೋರಿಸಿವೆ. ನಮ್ಮ ಹುಲಿಗೆ ಕಟ್ಟಬೇಕಾದ್ದು ಏನೂ ಇಲ್ಲ. ಕಾಳಿಯಿಂದ ಎಲ್ಲ ದಿಕ್ಕಿಗೂ ಹೊರಡುವ ದಾರಿಗಳು ಇವತ್ತಿಗೂ ಇವೆ. ಅವನ್ನು ಮುಚ್ಚದೇ ಇದ್ದರೆ ಸಾಕು.